ಬಟ್ಟಲಿನ ಕಷಾಯ, ಬಾಟಲಿಯ ಸಲಾಯಿನ್

ಇಂಗ್ಲಿಷಿನಲ್ಲಿ 'ಇನ್‌ಫ್ಯೂಷನ್' ಎಂಬ ಪದವೊಂದಿದೆ. ಆಸ್ಪತ್ರೆಯ ಕಾಗದಗಳಲ್ಲಿ ಅದು ಕಾಣಿಸುತ್ತದೆ. ಅಂಗಡಿಯಲ್ಲಿ ಮಾರುವ ತುಳಸಿ, ಶುಂಠಿ, ಹಸಿರು ಚಹದ ಪೊಟ್ಟಣಗಳ ಮೇಲೂ ಕಾಣಿಸುತ್ತದೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ 'ಒಳಗೆ ಸುರಿಯುವುದು' ಎಂದಷ್ಟೇ. ಬಿಸಿನೀರಿನಲ್ಲಿ ಎಲೆಯನ್ನು ನೆನೆಯಿಟ್ಟು ಅದರ ಸಾರವನ್ನು ಇಳಿಸಿಕೊಳ್ಳುವುದೂ ಇನ್‌ಫ್ಯೂಷನ್. ಸೂಜಿಯ ಮೂಲಕ ಉಪ್ಪುನೀರನ್ನು ಹನಿಹನಿಯಾಗಿ ರಕ್ತಕ್ಕೆ ಹರಿಸುವುದೂ ಇನ್‌ಫ್ಯೂಷನ್. ವ್ಯಾಪಾರಕ್ಕೆ ಹೊಸ ಬಂಡವಾಳ ತುಂಬುವುದಕ್ಕೂ, ಸೋತ ಮನಸ್ಸಿಗೆ ಉತ್ಸಾಹ ತುಂಬುವುದಕ್ಕೂ ಆ ಭಾಷೆಯವರು ಇದೇ ಪದವನ್ನು ಬಳಸುತ್ತಾರೆ. ಒಂದು ಪದ ಇಷ್ಟೆಲ್ಲ ಹೊರೆಯನ್ನು ಹೊರುವುದು ಭಾಷೆಗೆ ಶೋಭೆಯಾಗಿರಬಹುದು. ಆದರೆ ರೋಗಿಯ ಮೈಗೆ ಬಂದಾಗ ಯಾವುದು, ಯಾವ ದಾರಿಯಿಂದ, ಎಷ್ಟು ಒಳಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳದಿದ್ದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ.

ಕನ್ನಡಕ್ಕೆ ಈ ಗೊಂದಲ ಹುಟ್ಟಿನಿಂದ ಬಂದದ್ದಲ್ಲ. ನೆನೆಹಾಕುವುದು, ಕುದಿಸುವುದು, ಬತ್ತಿಸುವುದು, ಸೋಸುವುದು, ಹಿಂಡುವುದು ಎಂದು ಒಂದೊಂದು ಕ್ರಿಯೆಗೆ ಒಂದೊಂದು ಮಾತು ನಮ್ಮ ಅಡುಗೆಮನೆಗಳಲ್ಲಿ ಇವೆ. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದವರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದಿಟ್ಟುಕೊಂಡರು. ಆ ಶ್ರಮದ ಫಲವಾಗಿ 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಬೀಸುವ ಕಲ್ಲಿನ ಮುಂದೆ ಕುಳಿತವರ ಮಾತಿಗೂ ತೂಕವಿದೆ ಎಂಬುದನ್ನು ಆ ಪುಸ್ತಕ ನಾಡಿಗೆ ತೋರಿಸಿಕೊಟ್ಟಿತು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ, ಈಗ ಚಡಚಣ ತಾಲೂಕಿನಲ್ಲಿರುವ ಆ ಊರಿನ ನೆರೆಹೊರೆಯವರಾದ ನಾವು, ಹಾಡನ್ನು ಕೇಳಿಸಿಕೊಂಡ ಅದೇ ಎಚ್ಚರದಿಂದ ಮನೆಮದ್ದಿನ ಮಾತುಗಳನ್ನೂ ಆಸ್ಪತ್ರೆಯ ಮಾತುಗಳನ್ನೂ ಕೇಳಿಸಿಕೊಳ್ಳಬೇಕಾಗಿದೆ. ಹೆಸರು ಕೇಳಿ ನಂಬುವುದನ್ನು ಬಿಟ್ಟು ವಸ್ತುವನ್ನು ನೋಡಿ ನಂಬಬೇಕು ಎಂಬುದೇ ಈ ಲೇಖನದ ಒಟ್ಟು ಅಭಿಪ್ರಾಯ.

ಕಷಾಯ ಎಂಬ ಒಂದು ಮಾತು, ಐದು ವಿಧಾನಗಳು

ನಾವು ಎಲ್ಲವನ್ನೂ 'ಕಷಾಯ' ಎಂದು ಕರೆಯುತ್ತೇವೆ. ಮರಾಠಿ ಬಲ್ಲ ಗಡಿಯ ಜನರು 'ಕಾಢಾ' ಎನ್ನುತ್ತಾರೆ. ಆದರೆ ಆಯುರ್ವೇದದ ಶಾಸ್ತ್ರಗ್ರಂಥಗಳು ಕಷಾಯವನ್ನು ಐದು ಬಗೆಯಾಗಿ ವಿಂಗಡಿಸುತ್ತವೆ. ಹಸಿ ಎಲೆಯನ್ನು ಜಜ್ಜಿ ಹಿಂಡಿದ ರಸ 'ಸ್ವರಸ'. ನುಣ್ಣಗೆ ಅರೆದ ಮುದ್ದೆ 'ಕಲ್ಕ'. ನೀರಿನಲ್ಲಿ ಕುದಿಸಿ ಬತ್ತಿಸಿದ್ದು 'ಕ್ವಾಥ'. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು ಮುಂಜಾನೆ ಸೋಸಿದ್ದು 'ಹಿಮ'. ಕಾಯಿಸಿದ ನೀರನ್ನು ಪುಡಿಯ ಮೇಲೆ ಹೊಯ್ದು ಸ್ವಲ್ಪ ಹೊತ್ತು ಮುಚ್ಚಿಟ್ಟು ಸೋಸಿದ್ದು 'ಫಾಂಟ'. ಚರಕ ಸಂಹಿತೆಯ ಪ್ರಕಾರ ಈ ಐದರಲ್ಲಿ ಸ್ವರಸ ಎಲ್ಲಕ್ಕಿಂತ ಬಲವಾದದ್ದು, ಫಾಂಟ ಎಲ್ಲಕ್ಕಿಂತ ಹಗುರವಾದದ್ದು; ರೋಗದ ಬಲ ಮತ್ತು ರೋಗಿಯ ಬಲ ಎರಡನ್ನೂ ನೋಡಿ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಅಳತೆಯೂ ಬೇರೆಬೇರೆ. ಶಾರ್ಙ್ಗಧರ ಸಂಹಿತೆಯ ವಿಧಿಯಂತೆ ಕ್ವಾಥಕ್ಕೆ ಒಂದು ಪಾಲು ಮದ್ದಿಗೆ 16 ಪಾಲು ನೀರು ಹಾಕಿ, ಎಂಟನೆಯ ಒಂದು ಭಾಗ ಉಳಿಯುವವರೆಗೆ ಕುದಿಸಬೇಕು. ಫಾಂಟಕ್ಕೆ ಒಂದು ಪಾಲಿಗೆ ನಾಲ್ಕು ಪಾಲು ಬಿಸಿನೀರು; ಹಿಮಕ್ಕೆ ಒಂದು ಪಾಲಿಗೆ ಆರು ಪಾಲು ತಣ್ಣೀರು. ಇದರ ಹಿಂದಿರುವ ಯುಕ್ತಿ ಸರಳವಾದದ್ದು. ಬೇರು, ತೊಗಟೆ, ಕಟ್ಟಿಗೆಯಂತಹ ಗಟ್ಟಿ ವಸ್ತುಗಳು ಕುದಿಯದೆ ಸಾರ ಬಿಡುವುದಿಲ್ಲ. ತುಳಸಿಯ ಎಲೆಯಂತಹ ಸುವಾಸನೆಯ ವಸ್ತುಗಳನ್ನು ಕುದಿಸಿದರೆ ಅವುಗಳಲ್ಲಿರುವ ಎಣ್ಣೆಯ ಅಂಶ ಹಬೆಯೊಡನೆ ಹಾರಿಹೋಗುತ್ತದೆ; ಅವನ್ನು ಬಿಸಿನೀರಿನಲ್ಲಿ ಮುಚ್ಚಿಡುವುದೇ ಸರಿ. ಉರಿ, ದಾಹಗಳಿಗೆ ಹೇಳಿದ ಕೊತ್ತಂಬರಿ ಬೀಜವನ್ನು ಒಲೆಗೇ ತೋರಿಸಬೇಕಾಗಿಲ್ಲ. ರಾತ್ರಿ ನೆನೆಯಿಟ್ಟ ನೀರನ್ನು ಮುಂಜಾನೆ ಕುಡಿದರಾಯಿತು. ಇವೆಲ್ಲವನ್ನೂ ಅಂದಂದಿಗೆ ಮಾಡಿ ಅಂದೇ ಮುಗಿಸಬೇಕು. ನಾಲ್ಕು ದಿನ ಇಟ್ಟ ಕಷಾಯ ಹುಳಿತು ಹೊಟ್ಟೆಯನ್ನು ಕೆಡಿಸುತ್ತದೆ.

ಹೆಸರು ಮತ್ತು ವಿಧಾನ ಹೇಗೆ ಬೇರೆಯಾಗುತ್ತವೆ ಎಂಬುದಕ್ಕೆ ಕೊರೊನಾ ಕಾಲದ ಉದಾಹರಣೆಯೊಂದಿದೆ. 2020ರಲ್ಲಿ ಕೇಂದ್ರದ ಆಯುಷ್ ಸಚಿವಾಲಯವು 'ಆಯುಷ್ ಕ್ವಾಥ'ವನ್ನು ಪ್ರಚಾರಕ್ಕೆ ತಂದಿತು. ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು ಪಾಲು, ಒಣಶುಂಠಿ ಎರಡು ಪಾಲು, ಕರಿಮೆಣಸು ಒಂದು ಪಾಲು. ಮೂರು ಗ್ರಾಂ ಪುಡಿಯನ್ನು 150 ಮಿಲಿಲೀಟರ್ ಕಾಯಿಸಿದ ನೀರಿನಲ್ಲಿ ಬೆರೆಸಿ ದಿನಕ್ಕೆ ಒಂದೆರಡು ಸಲ ಚಹದಂತೆ ಕುಡಿಯಬೇಕೆಂಬುದು ಅದರ ಸೂಚನೆ. ಹೆಸರು ಕ್ವಾಥ, ವಿಧಾನ ಮಾತ್ರ ಫಾಂಟದ್ದು. ತಜ್ಞರಿಗೆ ಇದು ಸಣ್ಣ ಮಾತು. ಮನೆಗಳಲ್ಲಿ ಆದದ್ದು ಸಣ್ಣದಲ್ಲ. 'ಕ್ವಾಥ' ಎಂಬ ಹೆಸರನ್ನು ಹಿಡಿದು ಕೆಲವರು ಮುಷ್ಟಿಗಟ್ಟಲೆ ಮೆಣಸು, ಶುಂಠಿ ಹಾಕಿ ಗಂಟೆಗಟ್ಟಲೆ ಕುದಿಸಿದರು. ಎರಡು ಸಲದ ಬದಲು ಆರು ಸಲ ಕುಡಿದು ಎದೆಯುರಿ, ಹೊಟ್ಟೆಯುರಿ ತಂದುಕೊಂಡರು.

ಅಮೃತಬಳ್ಳಿಯ ವಿಷಯವೂ ಹೀಗೆಯೇ. ಅದನ್ನು ದಿನವೂ ಕುಡಿದ ಕೆಲವರ ಯಕೃತ್ತಿಗೆ ಹಾನಿಯಾಯಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ವಾದದಲ್ಲಿ ತೀರ್ಪು ಕೊಡುವ ಅಧಿಕಾರ ನಮ್ಮದಲ್ಲ. ಆದರೆ ಅದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಕೆಲಸ ಮಾಡುವ ಮದ್ದಿಗೆ ಕೆಡಿಸುವ ಶಕ್ತಿಯೂ ಇರುತ್ತದೆ. 'ಮನೆಮದ್ದು, ಇದರಿಂದ ಏನೂ ಆಗುವುದಿಲ್ಲ' ಎನ್ನುವವರು ಆ ಮದ್ದನ್ನು ಗೌರವಿಸುತ್ತಿಲ್ಲವೆಂದೇ ಹೇಳಬೇಕು. ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನನಿತ್ಯದ ಕಷಾಯಕ್ಕೆ ಕೈಹಾಕಬಾರದು. ಸಕ್ಕರೆ ಕಾಯಿಲೆಯವರು ಕಷಾಯಕ್ಕೆ ಹಾಕುವ ಬೆಲ್ಲವನ್ನು ಮರೆಯಬಾರದು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲಲ್ಲದೆ ಯಾವ ಕಷಾಯವೂ ಬೇಡ.

ಬಾಟಲಿಯ ಮೇಲಿನ ಮೋಹ

ಇನ್ನು ಎರಡನೆಯ ಅರ್ಥಕ್ಕೆ ಬರೋಣ. ಇಂಡಿಯಿಂದ ಸಿಂದಗಿಯವರೆಗೆ, ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯವರೆಗೆ ಯಾವ ಊರಿನ ದವಾಖಾನೆಗೆ ಹೋದರೂ ಕೇಳಿಬರುವ ಮಾತು ಒಂದೇ: "ಸಾಹೇಬ್ರ, ಬಾಳ ನಿಶ್ಶಕ್ತಿ ಆಗೇತಿ, ಒಂದ್ ಬಾಟ್ಲಿ ಹಚ್ರಿ." ಜ್ವರಕ್ಕೆ ಬಾಟಲಿ, ಮೈಕೈ ನೋವಿಗೆ ಬಾಟಲಿ, ಕಬ್ಬು ಕಡಿದು ದಣಿದರೆ ಬಾಟಲಿ, ಊಟ ಸೇರದಿದ್ದರೆ ಬಾಟಲಿ. ಬಾಟಲಿ ಹಚ್ಚದ ವೈದ್ಯನಿಗೆ ಕೈಗುಣವಿಲ್ಲ ಎಂಬ ಮಾತು ಹಳ್ಳಿಯಲ್ಲಿ ಬೇಗ ಹರಡುತ್ತದೆ. ಆದ್ದರಿಂದ ಒಲ್ಲದ ವೈದ್ಯನೂ ಹಚ್ಚುತ್ತಾನೆ. ಆ ಬಾಟಲಿಯಲ್ಲಿ ಏನಿದೆ ಎಂದು ಕೇಳಿದವರು ಬಹಳ ವಿರಳ.

ಲೆಕ್ಕ ಹಾಕಿ ನೋಡೋಣ. 'ನಾರ್ಮಲ್ ಸಲಾಯಿನ್' ಎಂದರೆ ಶೇಕಡಾ 0.9ರ ಉಪ್ಪುನೀರು. ಅರ್ಧ ಲೀಟರಿನ ಬಾಟಲಿಯಲ್ಲಿ ಇರುವುದು ನಾಲ್ಕೂವರೆ ಗ್ರಾಂ ಅಡುಗೆ ಉಪ್ಪು, ಅಂದರೆ ಒಂದು ಚಹದ ಚಮಚಕ್ಕೂ ಕಡಿಮೆ. ಉಳಿದದ್ದು ಶುದ್ಧೀಕರಿಸಿದ ನೀರು. ಜನರು 'ಗ್ಲುಕೋಸ್' ಎಂದು ಕರೆಯುವ ಬಾಟಲಿಯಲ್ಲಿ ಸಾಮಾನ್ಯವಾಗಿ ಶೇಕಡಾ 5ರ ಸಕ್ಕರೆ ನೀರು ಇರುತ್ತದೆ. ಅರ್ಧ ಲೀಟರಿಗೆ 25 ಗ್ರಾಂ, ಅಂದರೆ ಐದಾರು ಚಮಚ. ಅದರಿಂದ ದೊರೆಯುವ ಶಕ್ತಿ ಹೆಚ್ಚೆಂದರೆ 100 ಕಿಲೋಕ್ಯಾಲರಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಸುಮಾರು 170 ಕಿಲೋಕ್ಯಾಲರಿ ಕೊಡುತ್ತದೆ. ಜೊತೆಗೆ ನಾರು, ಕಬ್ಬಿಣ, ಸಸಾರಜನಕವನ್ನೂ ಕೊಡುತ್ತದೆ. ಮೊಳಕೆ ಕಾಳಿನ ಪಲ್ಯ, ಮೊಸರು ಸೇರಿದರೆ ಹೇಳುವುದೇ ಬೇಡ. ಒಂದು ದಿನದ ಕೂಲಿಯನ್ನು ತೆತ್ತು, ಒಂದು ತಾಸು ಮಂಚದ ಮೇಲೆ ಮಲಗಿ, ನಮ್ಮ ತಾಯಂದಿರು ಪಡೆದುಕೊಂಡು ಬರುವ 'ಶಕ್ತಿ' ಅರ್ಧ ರೊಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬಾಟಲಿಗೆ ಜೀವಸತ್ವದ ಸೂಜಿಮದ್ದು ಬೆರೆಸಿದಾಗ ನೀರು ಹಳದಿಯಾಗುತ್ತದೆ. ಬಣ್ಣ ಕಂಡು ಜನರ ನಂಬಿಕೆ ಇಮ್ಮಡಿಯಾಗುತ್ತದೆ. ಅದೇ ಜೀವಸತ್ವ ಕಾಳು, ಸೊಪ್ಪು, ಹಾಲುಗಳಲ್ಲಿದೆ; ಕೊರತೆ ಇದ್ದವರಿಗೆ ಬಹುಪಾಲು ಅಗ್ಗದ ಮಾತ್ರೆಯೇ ಸಾಕಾಗುತ್ತದೆ.

ಹಾಗಾದರೆ ಬಾಟಲಿ ಹಚ್ಚಿಸಿಕೊಂಡವರಿಗೆ ಹಗುರವೆನಿಸುವುದೇಕೆ? ಆ ಅನುಭವ ಸುಳ್ಳಲ್ಲ. ಬಿಸಿಲಿನಲ್ಲಿ ದುಡಿದವರ ಮೈಯಲ್ಲಿ ನೀರು ನಿಜವಾಗಿಯೂ ಕಡಿಮೆಯಾಗಿರುತ್ತದೆ, ಅದು ತುಂಬಿಕೊಳ್ಳುತ್ತದೆ. ಫ್ಯಾನಿನ ಕೆಳಗೆ ಒಂದು ತಾಸು ವಿಶ್ರಾಂತಿ ಸಿಗುತ್ತದೆ. ಮನೆಯವರು ಪಕ್ಕದಲ್ಲಿ ಕುಳಿತು ಉಪಚರಿಸುತ್ತಾರೆ. ನೀರು, ನೆರಳು, ಆರೈಕೆ ಈ ಮೂರನ್ನೂ ಮನೆಯಲ್ಲಿಯೇ ಕೊಡಬಹುದು. ವರ್ಷವಿಡೀ ದುಡಿಯುವ ಹೆಣ್ಣುಮಗಳು ತನಗೆ ದಣಿವಾಗಿದೆ ಎಂದು ಹೇಳಿಕೊಳ್ಳಲು, ಒಂದು ತಾಸು ಮಲಗಲು ಬಾಟಲಿಯೊಂದರ ನೆಪ ಬೇಕಾಗಿದೆ ಎಂದರೆ ಆ ಮನೆಯವರು ಯೋಚಿಸಬೇಕಾದದ್ದು ಬೇರೆಯೇ ಇದೆ. ಅವಳ 'ನಿಶ್ಶಕ್ತಿ'ಯ ಹಿಂದೆ ರಕ್ತಹೀನತೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕ್ಷಯ ಇರಬಹುದು. ಬಾಟಲಿಯಿಂದ ಬಂದ ಎರಡು ದಿನದ ಹಗುರು ಆ ರೋಗವನ್ನು ಮುಚ್ಚಿಡುತ್ತದೆ. ಒಂದು ಹನಿ ರಕ್ತದ ಪರೀಕ್ಷೆ ಮಾಡಿಸಬೇಕಾದ ಕಡೆ ನಾಲ್ಕು ಬಾಟಲಿ ಹಚ್ಚಿಸುವುದು ರೋಗಕ್ಕೆ ಕಾಲಾವಕಾಶ ಕೊಟ್ಟಂತೆ.

ಅಪಾಯವೂ ಕಡಿಮೆಯಿಲ್ಲ. ಜನರು 'ನರ' ಎಂದು ಕರೆಯುವ ಸಿರೆಗೆ ಸೂಜಿ ಚುಚ್ಚಿದೊಡನೆ ಚರ್ಮವೆಂಬ ಕೋಟೆಯಲ್ಲಿ ಒಂದು ಬಾಗಿಲು ತೆರೆದಂತಾಗುತ್ತದೆ. ಸೂಜಿ, ನಳಿಕೆ, ಕೈ ಯಾವುದೊಂದು ಶುಚಿಯಾಗಿರದಿದ್ದರೂ ಕೀಟಾಣು ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಸಿರೆ ಬಾತು ಕೀವಾಗಬಹುದು. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಿಗೆ ಹೆಚ್ಚಾದ ನೀರು ಪುಪ್ಪುಸದಲ್ಲಿ ನಿಂತು ಉಸಿರು ಕಟ್ಟಬಹುದು. ಸಕ್ಕರೆ ಕಾಯಿಲೆ ಇರುವುದು ಗೊತ್ತಿಲ್ಲದವರಿಗೆ ಗ್ಲುಕೋಸ್ ಹಚ್ಚಿದರೆ ರಕ್ತದ ಸಕ್ಕರೆ ಮತ್ತೂ ಏರುತ್ತದೆ. ಡೆಂಗಿ ಜ್ವರದಲ್ಲಿ ನೀರು ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಅಲ್ಲಿ ತಾಸಿಗೊಮ್ಮೆ ಅಳೆದು ಕೊಡಬೇಕಾಗುತ್ತದೆ. ಬಾಯಿಂದ ಕುಡಿದ ನೀರು ಹೆಚ್ಚಾದರೆ ಹೊಟ್ಟೆ ಒಲ್ಲೆನ್ನುತ್ತದೆ. ಸಿರೆಗೆ 'ಸಾಕು' ಎನ್ನುವ ಬಾಯಿಲ್ಲ.

ದ್ರಾವಣದ ಶುದ್ಧಿಯ ಪ್ರಶ್ನೆಯೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದಾಗ, ಅವರಿಗೆ ಕೊಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಎದ್ದಿತು. ರಾಜ್ಯ ಸರ್ಕಾರವು ಆ ದ್ರಾವಣದ ಬಳಕೆಯನ್ನು ತಡೆಹಿಡಿದು ತನಿಖೆಗೆ ಆದೇಶಿಸಿತು. ಆ ತಾಯಂದಿರಿಗೆ ದ್ರಾವಣ ಅಗತ್ಯವಾಗಿತ್ತು. ಅವರು ಬೇಡಿ ಹಚ್ಚಿಸಿಕೊಂಡವರಲ್ಲ. ಅಗತ್ಯವಿದ್ದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ಅಗತ್ಯವಿಲ್ಲದೆ ಕೈಯೊಡ್ಡುವುದು ಯಾವ ವಿವೇಕ?

ಬಾಟಲಿ ಜೀವ ಉಳಿಸಿದ ಕಥೆ

ಇಷ್ಟು ಹೇಳಿದ ಮಾತ್ರಕ್ಕೆ ಸಲಾಯಿನ್ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ಅದು ಹುಟ್ಟಿದ್ದೇ ಸಾಯುವವರನ್ನು ಉಳಿಸಲು. 1831ರಲ್ಲಿ ಇಂಗ್ಲೆಂಡಿಗೆ ವಾಂತಿಭೇದಿ, ಅಂದರೆ ಕಾಲರಾ, ಹಬ್ಬಿದಾಗ ಓಶಾಗ್ನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಬತ್ತಿಹೋಗಿರುವುದನ್ನು ಕಂಡುಹಿಡಿದನು. ಮುಂದೆ ಭಾರತಕ್ಕೆ ಬಂದು ತಂತಿ ಸಮಾಚಾರದ ವ್ಯವಸ್ಥೆಯನ್ನು ಕಟ್ಟಿದವನೂ ಆತನೇ. ಅವನ ಮಾತನ್ನು ಹಿಡಿದು 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ ಎಂಬ ವೈದ್ಯನು, ಕೊನೆಯುಸಿರಿನಲ್ಲಿದ್ದ ಒಬ್ಬ ವೃದ್ಧೆಯ ಸಿರೆಗೆ ಉಪ್ಪುನೀರನ್ನು ಹರಿಸಿದನು. ಗುಳಿಬಿದ್ದ ಕಣ್ಣು ತುಂಬಿತು, ನಾಡಿ ಮರಳಿತು, ಆಕೆ ಮಾತನಾಡಿದಳು. ಆದರೆ ಅವನು ಅತ್ತ ಹೋದ ಮೇಲೆ ಭೇದಿ ಮರುಕಳಿಸಿತು. ಮತ್ತೆ ನೀರು ಕೊಡುವವರಿಲ್ಲದೆ ಕೆಲವೇ ತಾಸುಗಳಲ್ಲಿ ಆಕೆ ತೀರಿಕೊಂಡಳು. ಹೋದಷ್ಟು ನೀರನ್ನು ಹೋಗುತ್ತಿರುವಂತೆಯೇ ತುಂಬುತ್ತಿರಬೇಕು ಎಂಬ ಪಾಠವನ್ನು ವೈದ್ಯಲೋಕ ಅಲ್ಲಿಂದ ಕಲಿಯಿತು.

ಇಂದಿಗೂ ಕೆಲವು ಸಂದರ್ಭಗಳಲ್ಲಿ ಸಿರೆಯ ದಾರಿಯೇ ದಾರಿ. ಪ್ರಜ್ಞೆ ತಪ್ಪಿದಾಗ, ಕುಡಿದದ್ದೆಲ್ಲ ವಾಂತಿಯಾಗುತ್ತಿರುವಾಗ, ಕಣ್ಣು ಗುಳಿಬಿದ್ದು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುವಾಗ, ಆರೆಂಟು ತಾಸು ಮೂತ್ರವೇ ಆಗದಿದ್ದಾಗ, ಅಪಘಾತದಲ್ಲಿ ಅಥವಾ ಹೆರಿಗೆಯಲ್ಲಿ ರಕ್ತ ಬಹಳ ಹೋದಾಗ, ಬಿಸಿಲಿಗೆ ಬಿದ್ದವರು ಅಸಂಬದ್ಧವಾಗಿ ಮಾತನಾಡತೊಡಗಿದಾಗ ಕಷಾಯ ಕುದಿಸುತ್ತ ಕುಳಿತುಕೊಳ್ಳಬಾರದು. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರನ್ನಾಗಲಿ ತೀರ್ಥವನ್ನಾಗಲಿ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೆ ಎರವಾಗುತ್ತದೆ.

ಬಾಯಿಯ ದಾರಿಯ ಮಹಿಮೆ

ಈ ಸಂದರ್ಭಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ ಬಾಯಿಯೇ ಉತ್ತಮ ದಾರಿ. ಅದನ್ನು ಜಗತ್ತಿಗೆ ತೋರಿಸಿಕೊಟ್ಟವರು ಭಾರತೀಯರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿನ ಶಿಬಿರಗಳಲ್ಲಿ ತುಂಬಿಹೋಗಿದ್ದರು, ಕಾಲರಾ ಹಬ್ಬಿತ್ತು, ಸಲಾಯಿನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಅಲ್ಲಿದ್ದ ಡಾ. ದಿಲೀಪ್ ಮಹಾಲನಾಬಿಸ್ ಅವರು 22 ಗ್ರಾಂ ಗ್ಲುಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾಗಳನ್ನು ಒಂದು ಲೀಟರ್ ನೀರಿಗೆ ಬೆರೆಸಿ, ಪೀಪಾಯಿಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗೆ ಇಳಿಯಿತು. ಓಆರ್‌ಎಸ್ ಎಂದು ನಾವು ಕರೆಯುವ ಪುಡಿಯ ಮಹತ್ವವನ್ನು ಲೋಕ ಅರಿತದ್ದು ಹೀಗೆ. ಅವರು 2022ರಲ್ಲಿ ನಿಧನರಾದರು. ಮರುವರ್ಷ ಭಾರತ ಸರ್ಕಾರವು ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು.

ಇದರ ಗುಟ್ಟು ಸಕ್ಕರೆ ಮತ್ತು ಉಪ್ಪಿನ ಸ್ನೇಹದಲ್ಲಿದೆ. ಭೇದಿಯಾಗುತ್ತಿರುವಾಗಲೂ ಕರುಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಕ್ಕರೆ ತನ್ನೊಡನೆ ಉಪ್ಪನ್ನು ಕರೆದೊಯ್ಯುತ್ತದೆ. ಅವೆರಡರ ಹಿಂದೆ ನೀರು ಹೋಗುತ್ತದೆ. ಬರಿಯ ನೀರು ಅಷ್ಟು ಚೆನ್ನಾಗಿ ಇಳಿಯುವುದಿಲ್ಲ. ಸಕ್ಕರೆ ಅತಿಯಾದರೆ ಭೇದಿ ಹೆಚ್ಚುತ್ತದೆ. ಆದ್ದರಿಂದ ಅಳತೆಯೇ ಇಲ್ಲಿ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಬೇಕು. ಲೋಟಕ್ಕೊಂದು ಚಮಚ ಎಂದು ಅಂದಾಜಿನಲ್ಲಿ ಬೆರೆಸಬಾರದು. ಬೆರೆಸಿದ್ದನ್ನು 24 ತಾಸಿನೊಳಗೆ ಮುಗಿಸಿ, ಉಳಿದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕೂ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ಚಮಚ ಚಮಚವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಬೇಕು. ತಾಯಿಯ ಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಮಕ್ಕಳಿಗೆ ಜೊತೆಗೆ ಸತುವಿನ, ಅಂದರೆ ಜಿಂಕ್, ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಕೊಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಹಾಕಬಹುದು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯವೆಂಬುದು ನೆನಪಿರಲಿ.

ಇಲ್ಲಿಯೂ ಹೆಸರಿನ ಮೋಸ ನಡೆದಿತ್ತು. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳ ಡಬ್ಬಿಯ ಮೇಲೆ 'ಓಆರ್‌ಎಸ್' ಎಂಬ ಅಕ್ಷರಗಳನ್ನು ಅಚ್ಚು ಹಾಕಿ ಔಷಧದ ಅಂಗಡಿಗಳಲ್ಲಿ ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅಂತಹ ಪಾನೀಯಗಳ ಮೇಲೆ ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಅಂಗಡಿಯಲ್ಲಿ ಕೇಳುವಾಗ 'ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ' ಎಂದೇ ಕೇಳಿರಿ. ಪೊಟ್ಟಣದ ಮೇಲೆ ಅದನ್ನು ಓದಿಸಿ ನೋಡಿರಿ. ಊರಿನ ಆಶಾ ಕಾರ್ಯಕರ್ತೆಯ ಬಳಿ ಅದು ಉಚಿತವಾಗಿಯೇ ಸಿಗುತ್ತದೆ.

ಭೇದಿಯಿಲ್ಲದ ಬರಿಯ ದಣಿವಿಗೆ, ಬಿಸಿಲಿನ ಬಾಯಾರಿಕೆಗೆ ನಮ್ಮ ಸೀಮೆಯೇ ಮದ್ದು ಕೊಟ್ಟಿದೆ. ಬೇಸಿಗೆಯಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಇಂಡಿಯ ನಿಂಬೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದು ನಾಡಿನ ಹೊರಗೂ ಹೆಸರಾಗಿದೆ; ಅದನ್ನು ಬೆಳೆಯುವವರೇ ಅದರ ಪಾನಕ ಕುಡಿಯದೆ ಬಾಟಲಿಗೆ ಕೈಯೊಡ್ಡುವುದು ವಿಚಿತ್ರವಲ್ಲವೆ? ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಬೆರೆಸಿದ ನಿಂಬೆಯ ಪಾನಕ, ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಅಕ್ಕಿಯ ಗಂಜಿ ಇವೆಲ್ಲವೂ ನೀರು, ಲವಣ, ಶಕ್ತಿ ಮೂರನ್ನೂ ಒಟ್ಟಿಗೆ ಕೊಡುತ್ತವೆ.

ಕೇಳಬೇಕಾದ ಮಾತು

ವೈದ್ಯರ ಬಳಿ ಹೋದಾಗ ಭಕ್ತರು "ಬಾಟ್ಲಿ ಹಚ್ರಿ" ಎನ್ನುವುದನ್ನು ಬಿಟ್ಟು ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕೆಂಬುದು ನಮ್ಮ ವಿನಂತಿ. ನನಗಿರುವ ರೋಗವೇನು? ಇದನ್ನು ಬಾಯಿಂದ ತೆಗೆದುಕೊಳ್ಳಲು ಬರುತ್ತದೆಯೆ? ಬಾಟಲಿ ಬೇಕೇಬೇಕಾದರೆ ಅದರಲ್ಲಿ ಏನಿದೆ, ಏಕೆ ಬೇಕು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಅವರ ಮೇಲಿನ ಒತ್ತಡವೂ ಇಳಿಯುತ್ತದೆ. ಖಾಸಗಿ ದವಾಖಾನೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ತೋರಿಸೆಂದು ಕೇಳುವುದು ಅಪರಾಧವಲ್ಲ. ಪದವಿಯಿಲ್ಲದವರ ಕೈಗೆ ಸಿರೆಯನ್ನು ಒಪ್ಪಿಸಬಾರದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು; ಚಿಕಿತ್ಸೆಯೇ ಅವನ ಕಾಯಕವಾಗಿತ್ತು. ಕಾಯಕವೆಂದ ಮೇಲೆ ಅಲ್ಲಿ ಸತ್ಯಶುದ್ಧಿ ಇರಬೇಕು: ಬೇಡದ್ದನ್ನು ಮಾರಬಾರದು, ಬೇಕಾದದ್ದನ್ನು ತಡೆಯಬಾರದು. ಈ ಮಾತು ವೈದ್ಯರಿಗೆ ಎಷ್ಟು ಅನ್ವಯಿಸುವುದೋ ರೋಗಿಯ ಮನೆಯವರಿಗೂ ಅಷ್ಟೇ ಅನ್ವಯಿಸುತ್ತದೆ. ಬೇಡದ್ದನ್ನು ಕೇಳುವವರಿರುವ ತನಕ ಮಾರುವವರು ಇದ್ದೇ ಇರುತ್ತಾರೆ.

ಜಾತ್ರೆಯ ದಿನಗಳಲ್ಲಿ, ದಾಸೋಹದ ಪಂಕ್ತಿಯ ಪಕ್ಕದಲ್ಲಿ, ಕಾಯಿಸಿ ಆರಿಸಿದ ನೀರಿನ ಕೊಡವನ್ನೂ ಓಆರ್‌ಎಸ್ ಪೊಟ್ಟಣಗಳನ್ನೂ ಇಟ್ಟು, ಬೆರೆಸುವ ಬಗೆಯನ್ನು ತಾಯಂದಿರಿಗೆ ಕೈಯಾರೆ ಮಾಡಿ ತೋರಿಸುವ ಸೇವೆಯನ್ನು ತರುಣರು ವಹಿಸಿಕೊಳ್ಳಲಿ. ಊರಿನ ಹಿರಿಯ ತಾಯಂದಿರನ್ನು ಕೂಡಿಸಿ, ಯಾವ ಎಲೆಯನ್ನು ನೆನೆಯಿಡಬೇಕು, ಯಾವ ಬೇರನ್ನು ಕುದಿಸಬೇಕು ಎಂಬುದನ್ನು ಕೇಳಿ ಬರೆದಿಟ್ಟುಕೊಂಡು ಆಯುರ್ವೇದ ಬಲ್ಲವರಿಗೆ ತೋರಿಸಲಿ. ಹಾಡನ್ನು ಬರೆದಿಟ್ಟ ಊರಿನ ನೆರೆಯಲ್ಲಿ ಇದು ಅಸಾಧ್ಯದ ಕೆಲಸವಲ್ಲ. ಈ ಬೇಸಿಗೆಗೆ ಮೊದಲು ಪ್ರತಿಯೊಂದು ಮನೆಯಲ್ಲಿ ಎರಡು ಪೊಟ್ಟಣ ಓಆರ್‌ಎಸ್, ಒಂದು ಲೀಟರ್ ಅಳತೆಯ ಪಾತ್ರೆ, ಒಂದು ಚಹದ ಚಮಚ ಒಂದೇ ಕಡೆ ಇರಲಿ. ಅವು ಇರುವ ಜಾಗ ಮನೆಯ ಮಕ್ಕಳಿಗೂ ಗೊತ್ತಿರಲಿ.